ಅವ್ವನನ್ನು ಯಾರಾದರೂ ಕೇಳಿದಿರಾ?

*ಓದುಗರ ಪತ್ರಗಳಿಗೆ ಉತ್ತರಿಸುವವರು ಉಡುಪಿಯ ನಿವೃತ್ತ ಕನ್ನಡ ಶಿಕ್ಷಕಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು.*

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಾವು ನಾಲ್ಕು ತಲೆಮಾರಿನಿಂದ ಮಿಷನ್ ಸಭೆಯವರು, ಈಗ ಸಿ.ಎಸ್.ಐ. ನನ್ನ ತಮ್ಮ ಬೆಂಗಳೂರಾಗ ಪೆಂತೆಕೊಸ್ತ ಸಭೆ ಸೇರಿ ಎರಡು ವರ್ಷದ ಹಿಂದ ಮುಳುಗಿ ದೀಕ್ಷಾಸ್ನಾನ, ಅಂದ್ರ ಬ್ಯಾಪ್ಟಿಸಂ, ತಗೊಂಡ. ಈಗ ಊರಿಗೆ ಬಂದರ ಇದೇ ಮಾತು. ಕೂಸಿದ್ದಾಗ ತಲಿ ಮ್ಯಾಲೆ ನೀರು ಹಾಕಿದ್ದು ದೀಕ್ಷಾಸ್ನಾನಾನೇ ಅಲ್ಲ ಅಂತಾನ. ಅವ್ವಗ ಎಪ್ಪತ್ತೆಂಟು. "ಆಕಿ ಹಿಂಗೇ ತೀರಿಕೊಂಡರ ಏನು ಗತಿ" ಅಂತ ಬೆಂಗಳೂರಿಗೆ ಕರಕೊಂಡು ಹೋಗಿ ಮುಳುಗಿಸತೀನಿ ಅಂತ ಹಟ ಹಿಡದಾನ. ಎರಡನೇ ಸಲ ದೀಕ್ಷಾಸ್ನಾನ ತಪ್ಪು ಅಂತ ನಮ್ಮ ಸಭಾಪಾಲಕರು ಹೇಳತಾರ. ಹ್ವಾದ ಕ್ರಿಸ್ಮಸ್ ಊಟಕ್ಕ ಕೂತಾಗ ಇದೇ ಜಗಳಾಗಿ ತಮ್ಮನ ಹೆಂಡತಿ ಅತಗೋತ ಎದ್ದು ಹೋದಳು. ಬರೋ ತಿಂಗಳು ನನ್ನ ಮೊಮ್ಮಗನ ದೀಕ್ಷಾಸ್ನಾನ, ಅದಕ್ಕ ಬರೋದಿಲ್ಲ ಅಂದಾನ. ಯಾರ ಮಾತು ಖರೆ? ಮನಿಯೊಳಗ ಸಮಾಧಾನ ಹ್ಯಾಂಗ?
— ಹೆಸರು ಬೇಡ, ಧಾರವಾಡ

ಉತ್ತರ: ತಂಗೀ, ನಿಮ್ಮ ಪತ್ರ ಮೂರು ಪುಟ, ಇಲ್ಲಿ ಅಚ್ಚಾದದ್ದು ಅದರ ಕಾಲು ಭಾಗ. ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ, ಸುಮ್ಮನೆ ಓದಲು ಬರುವುದಿಲ್ಲ, ಪೆನ್ಸಿಲ್ ಹಿಡಿದೇ ಓದಿದೆ. ತಮ್ಮ ಹೀಗೆಂದ ಎಂಬುದು ಹನ್ನೊಂದು ಕಡೆ ಇದೆ. ಸಭಾಪಾಲಕರು ಹೀಗೆಂದರು ಎಂಬುದು ನಾಲ್ಕು ಕಡೆ. ನೀವಂದದ್ದನ್ನು ಎಣಿಸುವುದು ಬಿಟ್ಟೆ. ಅವ್ವ ಏನಂದರು? ಒಂದು ಸಾಲೂ ಇಲ್ಲ. ಮುಳುಗಬೇಕಾದವರು ಅವರು, ಅವರ ಬಾಯಲ್ಲಿ ಒಂದು ಮಾತೂ ಇಲ್ಲ.

ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು. ಅಪ್ಪ ನಮ್ಮ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಚಿಕ್ಕಪ್ಪ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವರು ಪೆಂತೆಕೊಸ್ತದವರಾಗಿ ಊರಿಗೆ ಬಂದರು. ನನಗಾಗ ಹನ್ನೆರಡು ವರ್ಷ. ಬಂದ ಮೊದಲ ರಾತ್ರಿಯೇ ಗಂಜಿಯ ಬಟ್ಟಲು ತಣ್ಣಗಾಗುವವರೆಗೆ ಅಣ್ಣತಮ್ಮಂದಿರ ವಾದ. ಮರುದಿನ ಅಜ್ಜಿ ಒಂದು ಕಾನೂನು ಮಾಡಿದರು: ಬೈಬಲಿನ ಜಗಳ ಹೊಸ್ತಿಲೊಳಗೆ ಬೇಡ, ಆಡುವುದಿದ್ದರೆ ಬಾವಿಕಟ್ಟೆಗೆ ಹೋಗಿ ಆಡಿ.

ಇಬ್ಬರೂ ಹೋದರು! ಸಂಜೆಯಾದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬೈಬಲ್, ಬಾವಿಕಟ್ಟೆಯ ಆಚೆಗೊಬ್ಬರು ಈಚೆಗೊಬ್ಬರು. ಎಪ್ರಿಲ್ ತಿಂಗಳು, ಬಾವಿ ತಳ ಕಾಣುತ್ತಿತ್ತು. "ಅಷ್ಟು ನೀರು ಸಾಕು", "ಅಷ್ಟು ಸಾಲುವುದಿಲ್ಲ, ಪೂರ್ತಿ ಬೇಕು" ಎಂದು ಇವರು ಕೂಗಾಡುವುದು ಬೇಲಿಯಾಚೆಯ ಶೆಟ್ಟರ ಮನೆಯ ಅಕ್ಕನಿಗೆ ಕೇಳಿ, "ನೀರಿಗೆ ಅಣ್ಣತಮ್ಮ ಜಗಳ ಆಡಬೇಡಿ ಮಾರಾಯ್ರೆ, ನಮ್ಮ ಬಾವಿಯಲ್ಲಿ ಉಂಟು, ಸೇದಿಕೊಳ್ಳಿ" ಎಂದು ಕೊಡಪಾನ ಹಿಡಿದು ಬಂದರು. ಅಪ್ಪನೂ ಚಿಕ್ಕಪ್ಪನೂ ಒಟ್ಟಿಗೆ ನಕ್ಕದ್ದನ್ನು ಆ ಬೇಸಿಗೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ ಚಿಕ್ಕಪ್ಪ ಅಜ್ಜಿಯನ್ನು ಮುಳುಗಿಸುವ ಮಾತೆತ್ತಿದರು. ಅಪ್ಪ ಕೂಡದೆಂದರು. ಅಕ್ಕಿ ಆರಿಸುತ್ತಿದ್ದ ಅಜ್ಜಿ ಗೆರಸೆ ಕೆಳಗಿಟ್ಟು, "ನಾನು ಇನ್ನೂ ಸತ್ತಿಲ್ಲ. ಕೇಳುವುದಿದ್ದರೆ ನನ್ನನ್ನು ಕೇಳಿ" ಎಂದು ತುಳುವಿನಲ್ಲಿ ಗದರಿಸಿದರು. ಚಿಕ್ಕಪ್ಪ ಕೇಳಿದರು. ಅಜ್ಜಿ ಹೇಳಿದ್ದು ಇಷ್ಟು: "ಕೂಸಾಗಿದ್ದಾಗ ನೀರು ಹಾಕಿದ್ದು ನನಗೆ ನೆನಪಿಲ್ಲ, ನಿಜ. ದೃಢೀಕರಣದ ದಿನ ಸಭೆಯ ಮುಂದೆ ನಿಂತು ನಾನೇ ಬಾಯಿಬಿಟ್ಟು ಒಪ್ಪಿಕೊಂಡೆ, ಅದು ನೆನಪುಂಟು. ನನಗೆ ಸಾಕು." ಚಿಕ್ಕಪ್ಪನಿಗೆ ಸಾಕಾಗಲಿಲ್ಲ, ಆದರೆ ಮತ್ತೆ ಕೇಳಲಿಲ್ಲ. ಅಜ್ಜಿಯನ್ನು ಮಣ್ಣು ಮಾಡುವಾಗ ನಮ್ಮ ಸಭೆಯ ಪ್ರಾರ್ಥನಾ ಪುಸ್ತಕದ ಕ್ರಮಕ್ಕೆ ಅವರು ಬಾಯಿ ತೆರೆಯಲಿಲ್ಲ, ಕೀರ್ತನೆಗೆ ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಅಪ್ಪನಿಗೂ ಅವರಿಗೂ ಈ ವಿಷಯದಲ್ಲಿ ಕೊನೆಯವರೆಗೂ ಒಮ್ಮತವಾಗಲಿಲ್ಲ. ವರ್ಷಕ್ಕೊಂದು ಹಲಸಿನ ಹಣ್ಣು ಅಪ್ಪನ ಕಡೆಯಿಂದ ಹೋಗುತ್ತಿತ್ತು, ಹೊರುವವಳು ನಾನು.

ಇನ್ನು ಖರೆ ಯಾವುದು ಎಂಬ ಪ್ರಶ್ನೆ. ನಾನು ನಮ್ಮ ಸಭೆಯವಳು. ಮಗುವಿಗೆ ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಎಂದು ನಂಬುತ್ತೇನೆ. ದೇವರ ಕೃಪೆ ನಮ್ಮ ಬುದ್ಧಿ ಬೆಳೆಯಲೆಂದು ಕಾದು ಕೂರುವುದಿಲ್ಲ ಎಂಬುದು ನನ್ನ ಎಣಿಕೆ. ನಿಮ್ಮ ತಮ್ಮನ ಸಭೆಯವರು ಮೊದಲು ನಂಬಿಕೆ, ಆಮೇಲೆ ನೀರು ಎನ್ನುತ್ತಾರೆ. ಅಪೊಸ್ತಲರ ಕೃತ್ಯಗಳ ಹದಿನಾರನೇ ಅಧ್ಯಾಯ ತೆಗೆಯಿರಿ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೂ ಅವನ ಮನೆಯವರೆಲ್ಲರಿಗೂ ಆ ರಾತ್ರಿಯೇ ದೀಕ್ಷಾಸ್ನಾನವಾಯಿತು. ಮನೆಯವರೆಲ್ಲ ಅಂದರೆ ಮಕ್ಕಳೂ ಸೇರಿ ಎಂದು ನಾವು ಓದುತ್ತೇವೆ, ನಂಬಿದವರೆಲ್ಲ ಎಂದು ಅವರು ಓದುತ್ತಾರೆ. ಆ ಮನೆಯಲ್ಲಿ ತೊಟ್ಟಿಲಿತ್ತೋ ಇಲ್ಲವೋ, ಲೂಕ ಬರೆದಿಲ್ಲ.

ತಮ್ಮನ ಹಟ ನೋಡಿ ನಿಮಗೆ ಸಿಟ್ಟು ಬರುವುದು ಸಹಜ. ಆದರೆ ಈ ಜಗಳದಲ್ಲಿ ನಮ್ಮ ಕಡೆಯವರ ಕೈ ಶುದ್ಧವಾಗಿಲ್ಲ, ಅದೂ ತಿಳಿದಿರಲಿ. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ, ಪ್ರಾಟೆಸ್ಟೆಂಟ್ ಸುಧಾರಣೆಯ ಮುಂದಾಳು ಜ್ವಿಂಗ್ಲಿ ಬೋಧಿಸುತ್ತಿದ್ದ ಕಾಲದಲ್ಲೇ, ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟ ತಪ್ಪಿಗೆ ಫೆಲಿಕ್ಸ್ ಮಾಂಜ್ ಎಂಬವನನ್ನು 1527ರ ಜನವರಿ 5ರಂದು ಕೈಕಟ್ಟಿ ಲಿಮ್ಮಾಟ್ ಹೊಳೆಗೆ ನೂಕಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ನಮ್ಮಂಥ ಪ್ರಾಟೆಸ್ಟೆಂಟರೇ. 1834ರಲ್ಲಿ ಮಂಗಳೂರಿಗೆ ಬಂದಿಳಿದು ನಮ್ಮ ಮುತ್ತಜ್ಜಂದಿರಿಗೆ ಅಕ್ಷರ ಕಲಿಸಿದ ಬಾಸೆಲ್ ಮಿಷನ್ನಿನ ಮೂಲಮನೆಯೂ ಅದೇ ದೇಶದ್ದು. ಮುಳುಗು ದೀಕ್ಷಾಸ್ನಾನದ ಮಾತು ಬಂದಾಗ ನನ್ನ ನಾಲಿಗೆ ಸ್ವಲ್ಪ ತಗ್ಗುವುದು ಇದನ್ನು ಓದಿದ ಮೇಲೆ.

ನಮ್ಮ ಸಿ.ಎಸ್.ಐ. ಆದದ್ದಾದರೂ ಹೇಗೆ? 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು. ಬಿಷಪ್ ಬೇಕೆನ್ನುವ ಆಂಗ್ಲಿಕನರು, ಬಿಷಪ್ ಇಲ್ಲದೆಯೇ ನಡೆದು ಬಂದ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಶನಲರು ಕೂತು ಮಾತಾಡಿ ಮಾತಾಡಿ ಮದ್ರಾಸಿನಲ್ಲಿ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. ಇಪ್ಪತ್ತೆಂಟು ವರ್ಷ! ಅವರೆಲ್ಲ ಓದಿದವರು, ಒಂದಾಗಲೇಬೇಕೆಂದು ಹೊರಟವರು. ನೀವೂ ತಮ್ಮನೂ ಒಂದು ಕ್ರಿಸ್ಮಸ್ ಊಟದಲ್ಲಿ, ಬಿರಿಯಾನಿ ಆರುವುದರೊಳಗೆ ಮುಗಿಸಲು ಹೊರಟಿದ್ದಿರಿ.

ಮಾಡಬೇಕಾದದ್ದು ಹೇಳುತ್ತೇನೆ. ಅವ್ವನನ್ನು ಕೇಳಿ. ನೀವೂ ತಮ್ಮನೂ ಎದುರು ಕೂತು ಅಲ್ಲ, ಪಾಪ, ಆಗ ಅವರು ಯಾರ ಮುಖ ನೋಡಬೇಕು? ಅವರ ವಾರಿಗೆಯ ಗೆಳತಿಯೋ ತಂಗಿಯೋ ಇದ್ದರೆ ಅವರಿಂದ ಕೇಳಿಸಿ. ಬೇಡ ಅಂದರೆ ತಮ್ಮ ಬಿಡಬೇಕು. ಬೇಕು ಅಂದರೆ, ತಂಗೀ, ನೀವು ಬಿಡಬೇಕು. ಸಭಾಪಾಲಕರು ಹೇಳಿದ್ದು ನಮ್ಮ ಸಭೆಯ ನಿಯಮವೇ ಸರಿ. ಅವರು ಅದನ್ನು ಅವ್ವನ ಹತ್ತಿರವೇ ಬಂದು ಹೇಳಲಿ, ಬಾಗಿಲಿಗೆ ಅಡ್ಡ ನಿಲ್ಲುವುದು ಯಾರಿಗೂ ಬೇಡ.

ಮೊಮ್ಮಗನ ದಿನಕ್ಕೆ ತಮ್ಮನನ್ನು ದೀಕ್ಷಾಸ್ನಾನಕ್ಕೆ ಕರೆಯಬೇಡಿ, ಊಟಕ್ಕೆ ಕರೆಯಿರಿ. ಅವನ ಸಭೆಗಳಲ್ಲಿ ಎಳೆಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ, ಆದರೆ ಮಗುವನ್ನು ಎತ್ತಿಕೊಂಡು ದೇವರಿಗೆ ಸಮರ್ಪಿಸುವ ಪ್ರಾರ್ಥನೆ ಉಂಟು. ಸಂಜೆ ಮನೆಯಲ್ಲಿ ಕೂಸನ್ನು ಅವನ ತೊಡೆಯ ಮೇಲೆ ಕೊಟ್ಟು, "ತಮ್ಮಾ, ಪ್ರಾರ್ಥನಾ ಮಾಡು" ಅನ್ನಿ. ಇದಕ್ಕೆ ಅವನ ಮನಸ್ಸಾಕ್ಷಿ ಅಡ್ಡ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು ಅವನ ಹೆಂಡತಿಗೆ ಫೋನ್ ಮಾಡಿ. ಅತ್ತು ಎದ್ದು ಹೋದವರು ಅವರು, ನಿಮ್ಮ ಪತ್ರದಲ್ಲಿ ಆಮೇಲೆ ಅವರ ಸುದ್ದಿಯೇ ಇಲ್ಲ.

ಪ್ರಶ್ನೆ: ಟೀಚರ್, ನಾನು ಪ್ರಾಟೆಸ್ಟೆಂಟ್, ಮನೆಮಾತು ತುಳು. ಗಂಡ ಕೆಥೊಲಿಕ್, ಕೊಂಕಣಿ. ಮದುವೆಯಾಗಿ ಒಂದು ವರ್ಷ. ದಿನಾ ಸಂಜೆ ಅತ್ತೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪ ಮಾಡುತ್ತೇನೆ. ಮರಿಯಳಿಗೆ ಪ್ರಾರ್ಥಿಸಲು ನನಗೆ ಮನಸ್ಸು ಬರುವುದಿಲ್ಲ. ಈಗ ಬಸುರಿ. ಮಗು ಯಾವ ಚರ್ಚಿಗೆ ಎಂದು ಎರಡೂ ಮನೆಯಲ್ಲಿ ಪಿಸುಪಿಸು ಶುರುವಾಗಿದೆ.
— ಓದುಗಳು, ಮಂಗಳೂರು

ಉತ್ತರ: ಮಗಳೇ, ಮೊದಲು ಗಂಡನನ್ನು ಒಂದು ಮಾತು ಕೇಳು: ಮದುವೆಗೆ ಮೊದಲು ನೀನು ಯಾವ ಕಾಗದಕ್ಕೆ ಸಹಿ ಹಾಕಿದ್ದು? ಬೇರೆ ಸಭೆಯವರನ್ನು ಮದುವೆಯಾಗಲು ಕೆಥೊಲಿಕರಿಗೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಆಗ ಕೆಥೊಲಿಕ್ ಕಡೆಯವರು, ಮಕ್ಕಳಿಗೆ ಕೆಥೊಲಿಕ್ ಸಭೆಯಲ್ಲೇ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಎಂದು ಮಾತು ಕೊಡುತ್ತಾರೆ. ಹಿಂದೆಲ್ಲ ಇಬ್ಬರಿಂದಲೂ ಈ ಮಾತು ತೆಗೆದುಕೊಳ್ಳುತ್ತಿದ್ದರು. 1970ರಲ್ಲಿ ಆರನೇ ಪೌಲ್ ಪೋಪರು ನಿಯಮ ಬದಲಿಸಿದ ಮೇಲೆ ನಿನ್ನಂಥವರು ಮಾತು ಕೊಡಬೇಕಾಗಿಲ್ಲ, ಗಂಡ ಕೊಟ್ಟಿದ್ದಾನೆ ಎಂಬುದು ನಿನಗೆ ತಿಳಿದಿದ್ದರೆ ಸಾಕು. ತಿಳಿಸಿದ್ದರಾ? ಮದುವೆಯ ಗಡಿಬಿಡಿಯಲ್ಲಿ ಸೀರೆಯ ಬಣ್ಣ ನೆನಪಿರುತ್ತದೆ, ಇದು ನೆನಪಿರುವುದಿಲ್ಲ. ಪಿಸುಪಿಸು ಮಾಡುವ ಎರಡೂ ಮನೆಯವರಿಗಿಂತ ಮೊದಲು ನೀವಿಬ್ಬರು ಬಾಗಿಲು ಹಾಕಿಕೊಂಡು ಇದನ್ನು ಮಾತಾಡಿ.

ಒಂದು ನೆಮ್ಮದಿಯ ಸಂಗತಿಯೂ ಉಂಟು. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಕೆಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದನ್ನು ಬರೆದಿಟ್ಟಿದೆ. ಯಾವ ಚರ್ಚಿನಲ್ಲಾದರೂ ನಿನ್ನ ಮಗು ಇನ್ನೊಂದು ಚರ್ಚಿನ ಕಣ್ಣಿಗೆ ದೀಕ್ಷಾಸ್ನಾನವಿಲ್ಲದ ಮಗುವಲ್ಲ. ಚರ್ಚಿನಲ್ಲಿ ಸಾಲಾಗಿ ಹೋಗಿ ತೆಗೆದುಕೊಳ್ಳುವ ಪರಮಪ್ರಸಾದದ (ಕಮ್ಯುನಿಯನ್) ವಿಷಯ ಬೇರೆ. ಅಲ್ಲಿ ಸಾಲು ಇನ್ನೂ ಒಂದಾಗಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಾಲಿನಲ್ಲಿ ಹೋಗಿ ನಿಲ್ಲಬೇಡ, ಅತ್ತೆಗೆ ನಿನ್ನ ಮೇಲಿನ ವಿಶ್ವಾಸ ಹೋಗುತ್ತದೆ.

ತೇರ್ಸಿನ ಹೊತ್ತಿಗೆ ಪಾತ್ರೆ ತೊಳೆಯುವುದು ಬಿಡು. ಒಂದು ವರ್ಷದಿಂದ ಅದೇ ಹೊತ್ತಿಗೆ ಪಾತ್ರೆ ಸದ್ದಾಗುವುದು ಅತ್ತೆಗೆ ಅರ್ಥವಾಗಿಲ್ಲ ಅಂದುಕೊಂಡೆಯಾ? ಹೋಗಿ ಕೂತುಕೋ. ಮಣಿಮಣಿಗೂ ಮರಿಯಳಿಗೆ ಹೇಳುವ "ನಮಾನ್ ಮೊರಿಯೆ"ಯ ಮೊದಲರ್ಧ ಲೂಕನ ಸುವಾರ್ತೆಯ ಮೊದಲ ಅಧ್ಯಾಯದ್ದೇ, ದೇವದೂತನದ್ದೂ ಎಲಿಸಬೇತಳದ್ದೂ ಮಾತು. ನಮಗೆ ಬಾಯಿಗೆ ಬಾರದ್ದು "ನಮಗಾಗಿ ಪ್ರಾರ್ಥಿಸು" ಎನ್ನುವ ಎರಡನೇ ಅರ್ಧ. ಅದಕ್ಕೆ ಸುಮ್ಮನಿರು. ಆದರೆ ಜಪಮಾಲೆಯ ಹತ್ತು ಹತ್ತು ಮಣಿಗಳ ಐದು ಸುತ್ತುಗಳಲ್ಲಿ ಪ್ರತಿಯೊಂದೂ ಕರ್ತನ ಪ್ರಾರ್ಥನೆಯಿಂದ ಶುರುವಾಗುತ್ತದಲ್ಲ, ಅದನ್ನು ಗಟ್ಟಿಯಾಗಿ ಹೇಳು. ಅವರು ಕೊಂಕಣಿಯಲ್ಲಿ, ನೀನು ಕನ್ನಡದಲ್ಲಿ. ನಾನು ಕೆಥೊಲಿಕ್ ಗೆಳತಿಯ ಮನೆಯಲ್ಲಿ ಹೀಗೆ ಮಾಡಿ, ಅವರೆಲ್ಲ ಆಮೆನ್ ಅಂದು ಮುಗಿಸಿದ ಮೇಲೂ ಅಭ್ಯಾಸಬಲದಿಂದ "ರಾಜ್ಯವೂ ಬಲವೂ ಮಹಿಮೆಯೂ" ಎಂದು ಒಬ್ಬಳೇ ಮುಂದುವರಿಸಿದ್ದೇನೆ. ಗೆಳತಿಯ ಅಮ್ಮ ಮಣಿ ಹಿಡಿದು ನಾನು ಮುಗಿಸುವವರೆಗೆ ಕಾದರು. ಮರುದಿನದಿಂದ ಅಲ್ಲೊಂದು ಉಸಿರು ನಿಲ್ಲಿಸಿ ನನಗೆ ಜಾಗ ಬಿಡುತ್ತಿದ್ದರು.

ಪ್ರಶ್ನೆ: ಅಕ್ಕನಿಗೆ ಸಕ್ಕರೆ ಕಾಯಿಲೆ. ಅವಳು ಹೋಗುವ ಪ್ರಾರ್ಥನಾ ಕೂಟದವರು ವಿಶ್ವಾಸವಿದ್ದರೆ ಮಾತ್ರೆ ಯಾಕೆ ಅಂದರಂತೆ, ಬಿಟ್ಟಿದ್ದಾಳೆ. ಮನೆಯಲ್ಲಿ ಶಾಂತಿ ಕೆಡುತ್ತದೆ ಎಂದು ನಾವು ಸುಮ್ಮನಿದ್ದೇವೆ.
— ಶಿವಮೊಗ್ಗ

ಉತ್ತರ: ಸುಮ್ಮನಿರಬೇಡಿ. ಇವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಶಾಂತಿ ಕೆಟ್ಟರೆ ಕೆಡಲಿ. ಪೌಲನ ಜೊತೆ ತಿರುಗಿದ ಲೂಕ ವೈದ್ಯ. ತಿಮೊಥೆಯನ ಹೊಟ್ಟೆ ಕೆಟ್ಟಾಗ ಪೌಲ ಬರೆದದ್ದು, ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ಅಕ್ಕನಿಗೆ ಪ್ರಾರ್ಥನೆ ಬಿಡೆಂದು ಹೇಳಬೇಡಿ, ಪ್ರಾರ್ಥನೆ ಮಾಡಿಯೇ ಮಾತ್ರೆ ನುಂಗಲಿ.

ಪ್ರಶ್ನೆ: ಚೌತಿಗೆ ಪಕ್ಕದ ಮನೆಯವರು ಪಂಚಕಜ್ಜಾಯ ಕೊಡುತ್ತಾರೆ. ಎದುರಿಗೆ ತೆಗೆದುಕೊಂಡು ಆಮೇಲೆ ಹಿತ್ತಲಿಗೆ ಎಸೆಯುತ್ತೇವೆ. ತಪ್ಪೇ?
— ಕುಂದಾಪುರ

ಉತ್ತರ: ಎಸೆಯುವುದು ತಪ್ಪು. ತಿನ್ನುವುದೂ ತಿನ್ನದಿರುವುದೂ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯದಲ್ಲಿ ಪೌಲ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ಇದು ನೈವೇದ್ಯದ್ದು ಎಂದು ಯಾರಾದರೂ ತಿಳಿಸಿದರೆ ತಿಳಿಸಿದವರ ಸಲುವಾಗಿ ಬಿಡಿ ಎನ್ನುತ್ತಾನೆ. ಬಿಡುವವರಾದರೆ ಮೊದಲೇ ಮೆಲ್ಲಗೆ ಹೇಳಿಬಿಡಿ. ನಾನು ಒಮ್ಮೆ ಹೇಳಿದೆ, ಅಂದಿನಿಂದ ನಮ್ಮ ಪಕ್ಕದ ಮನೆಯವರು ಪೂಜೆಗೆ ಮೊದಲೇ ಒಂದು ಡಬ್ಬಿಯಲ್ಲಿ ಬೇರೆ ತೆಗೆದಿಟ್ಟು "ಇದು ನಿಮ್ಮದು ಟೀಚರ್" ಎಂದು ಕೊಡುತ್ತಾರೆ. ನೀವು ಕ್ರಿಸ್ಮಸಿಗೆ ಕೇಕ್ ಕೊಡುತ್ತೀರಲ್ಲ, ಅದಕ್ಕೆ ಮೊಟ್ಟೆ ಹಾಕಿದ್ದೀರೆಂದು ಅವರಿಗೆ ಹೇಳಿದ್ದೀರಾ? ಶುದ್ಧ ಸಸ್ಯಾಹಾರಿಗಳಾದರೆ ಕೇಕ್ ಬೇಡ. ಅಕ್ಕಿಹಿಟ್ಟು ತೆಂಗಿನಕಾಯಿಯ ಗುಳಿಯೊ ಕೊಡಿ, ಬೇರೆ ಎಣ್ಣೆಯಲ್ಲಿ ಕರಿದು.