ಊರ ಕೋಳಿಗೆ ಹಕ್ಕಿ ಜ್ವರದ ಇಂಜೆಕ್ಷನ್ ಎಲ್ಲಿ ಸಿಗುತ್ತದೆ?

ಕುಂಬಳೆ ಹತ್ತಿರ ಇಪ್ಪತ್ತೈದು ಊರ ಕೋಳಿ ಸಾಕಿದ್ದೀರಿ. ಆಲಪ್ಪುಳದಲ್ಲಿ ಹಕ್ಕಿ ಜ್ವರ ಬಂದ ಸುದ್ದಿ ಕೇಳಿ ಹೆದರಿಕೆಯಾಗಿದೆ, ಹಕ್ಕಿ ಜ್ವರಕ್ಕೆ ಇಂಜೆಕ್ಷನ್ ಕೊಡಿಸಬೇಕು ಅಂತ ಬರೆದಿದ್ದೀರಿ. ನಾನು ಪೆರ್ಲದ ಕಡೆಯವಳು. ಅಡಿಕೆ ತೋಟದ ಬದಿಯಲ್ಲಿ ನನ್ನದೂ ನಲವತ್ತು ಕೋಳಿಗಳ ಗೂಡಿದೆ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಇಂಜೆಕ್ಷನ್ ನಮಗೆಲ್ಲೂ ಸಿಗುವುದಿಲ್ಲ.

ಗೂಡಿಗೆ ಗೂಡೇ ಖಾಲಿ ಮಾಡುವ ಎಚ್5ಎನ್1 ಅನ್ನುವ ಹಕ್ಕಿ ಜ್ವರದ ತಳಿಗೆ ಭಾರತದಲ್ಲಿ ಲಸಿಕೆ ಹಾಕುವ ಕ್ರಮ ಇಲ್ಲ. ರೋಗ ಬಂದ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿ, ಬಾತುಗಳನ್ನೆಲ್ಲ ಕೊಂದು, ಪರಿಹಾರ ಕೊಡುತ್ತಾರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲ ಸಲ ಬಂದಾಗಿನಿಂದ ಲಸಿಕೆ ಹಾಕದೆ ಕೊಲ್ಲುವುದೇ ಕ್ರಮ. ಭೋಪಾಲದ ಸಂಸ್ಥೆಯೊಂದು ಮಾಡಿದ ಲಸಿಕೆ ಇದೆ ನಿಜ. ಅದು ಎಚ್9ಎನ್2 ಅನ್ನುವ ಸೌಮ್ಯ ತಳಿಗೆ. ಅದನ್ನೇ ತೋರಿಸಿ ಹಕ್ಕಿ ಜ್ವರದ ಲಸಿಕೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಎಚ್5ಎನ್1 ಅದರಿಂದ ನಿಲ್ಲುವುದಿಲ್ಲ.

ಯಾಕೆ ಹಾಕುವುದಿಲ್ಲ ಅಂತ ನಾನೂ ಡಾಕ್ಟರ ಹತ್ತಿರ ಕೇಳಿದ್ದೆ. ಲಸಿಕೆ ಹಾಕಿದ ಕೋಳಿ ಸಾಯದೆ ಉಳಿಯಬಹುದು, ಆದರೆ ವೈರಸ್ ಅದರೊಳಗೆ ಸೇರಬಹುದು. ಕೋಳಿ ಚೆನ್ನಾಗಿ ಓಡಾಡುತ್ತಿರುತ್ತದೆ, ಹಿಕ್ಕೆಯಲ್ಲಿ ರೋಗ ಹರಡುತ್ತಿರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಫ್ರಾನ್ಸಿನಲ್ಲಿ 2023ರ ಅಕ್ಟೋಬರ್‌ನಿಂದ ಬಾತುಗಳಿಗೆ ಲಸಿಕೆ ಶುರು ಮಾಡಿದರು. ಆದರೆ ಲಸಿಕೆ ಹಾಕಿದ ಮೇಲೂ ಫಾರ್ಮ್‌ಗಳಿಗೆ ಹೋಗಿ ಪರೀಕ್ಷೆ ಮಾಡುತ್ತಲೇ ಇರಬೇಕಾಗುತ್ತದೆ. ನಮ್ಮಲ್ಲಿ ಮನೆಮನೆಯ ಅಂಗಳದ ಕೋಳಿಯನ್ನು ಹಾಗೆ ನೋಡಿಕೊಳ್ಳುವುದು ಕಷ್ಟ, ಅಲ್ವಾ? ಆದರೂ ಆಲಪ್ಪುಳ ಕಡೆಯ ಕುಟ್ಟನಾಡಿನ ಬಾತು ಸಾಕುವವರನ್ನು ನೆನೆದರೆ ಸಂಕಟವಾಗುತ್ತದೆ. 2014ರಿಂದ ಎಷ್ಟು ಸಲ ಬಾತುಗಳನ್ನು ಕಳೆದುಕೊಂಡರು! ಅಲ್ಲಾದರೂ ಲಸಿಕೆ ಪ್ರಯೋಗ ಮಾಡಿ ನೋಡಬೇಕು ಅಂತ ನನಗನ್ನಿಸುತ್ತದೆ.

ನಿಮಗೆ ಈಗ ಬೇಕಾದದ್ದು ರಾಣಿಖೇತ್ ಲಸಿಕೆ. ನಾವು ಕೊಕ್ಕರೆ ರೋಗ ಅನ್ನುತ್ತೇವಲ್ಲ, ಅದಕ್ಕೆ. ಊರ ಕೋಳಿಗಳು ಒಟ್ಟಿಗೆ ಸಾಯುವುದು ಜಾಸ್ತಿ ಅದರಿಂದಲೇ. ಹಸಿರು ಭೇದಿ, ಉಸಿರಾಟದ ತೊಂದರೆ, ಪಟಪಟ ಸಾವು. ನೋಡಿದರೆ ಹಕ್ಕಿ ಜ್ವರದ ಹಾಗೇ ಇರುತ್ತದೆ. ಲ್ಯಾಬ್‌ನಲ್ಲಿ ಪರೀಕ್ಷೆ ಆಗದೆ ಯಾವುದು ಅಂತ ಹೇಳಲು ಬರುವುದಿಲ್ಲ. ರಾಣಿಖೇತ್‌ಗೆ ಸರಿಯಾಗಿ ಲಸಿಕೆ ಹಾಕಿಸಿದ್ದರೂ ಕೋಳಿಗಳು ಸಾಲಾಗಿ ಸತ್ತರೆ ಡಾಕ್ಟರಿಗೆ ಹಕ್ಕಿ ಜ್ವರದ ಸಂಶಯ ಬೇಗ ಬರುತ್ತದೆ.

ಮರಿಗೆ ಐದರಿಂದ ಏಳು ದಿನದೊಳಗೆ ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರ ಕುಡಿಯುವ ನೀರಿನಲ್ಲಿ. ಎಂಟು ವಾರಕ್ಕೆ ಇಂಜೆಕ್ಷನ್. ಬಾಟಲಿಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ.

ನೀರಿನ ಬಗ್ಗೆ ಎಚ್ಚರ ಇರಲಿ. ಒಂದು ಮಳೆಗಾಲ ನಾವು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೆವು. ಎರಡೇ ದಿನ ಬಿಟ್ಟು ಅದೇ ನೀರಿನಲ್ಲಿ ಲಸಿಕೆ ಕಲಸಿ ಕುಡಿಸಿದೆ. ಅದು ಜೀವ ಇರುವ ಲಸಿಕೆ, ಕ್ಲೋರಿನ್ ತಾಗಿದರೆ ಸಾಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತಿಂಗಳೊಳಗೆ ಹದಿನೆಂಟು ಕೋಳಿ ಹೋದವು. ಮೊಟ್ಟೆಗೆ ಕೂತಿದ್ದ ಹೇಂಟೆಯೂ ಹೋಯಿತು. ಈಗ ಗುಡ್ಡ ಕೊರೆದು ಮಾಡಿದ ಸುರಂಗದಿಂದ ಬರುವ ನೀರಿನಲ್ಲೇ ಕಲಸುತ್ತೇನೆ, ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿಯನ್ನೂ ಹಾಕುತ್ತೇನೆ.

ಒಂದೆರಡು ದಿನದಲ್ಲಿ ನಾಲ್ಕೈದು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ಹೊಳೆಗೆ ಎಸೆಯಬೇಡಿ. ಉಳಿದವನ್ನು ಗಡಿಬಿಡಿಯಲ್ಲಿ ಮಾರಬೇಡಿ. ಪಂಚಾಯತಿನ ಮೃಗಾಸ್ಪತ್ರೆಗೆ ಅದೇ ದಿನ ತಿಳಿಸಿ.

ನಿಮ್ಮಲ್ಲಿ ಮರಿಗಳಿವೆಯೇ, ಎಷ್ಟು ವಾರದವು ಅಂತ ಬರೆಯಿರಿ. ಎಂಟು ವಾರ ದಾಟಿದ್ದರೆ ಈ ವಾರವೇ ಆಸ್ಪತ್ರೆಗೆ ಹೋಗಿ ಕೇಳಿ. ಒಂದು ಬಾಟಲಿಯಲ್ಲಿ ತುಂಬಾ ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ.