ಅವು ತಪ್ಪಿಸಿಕೊಂಡ ಹಕ್ಕಿಗಳಲ್ಲ, ಅಲ್ಲೇ ನೆಲೆಯೂರಿದವು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ನಿಮ್ಮ ಮನೆಯ ಹಿತ್ತಲಿಗೆ ಗುಲಾಬಿ ಮುಖದ ಪುಟ್ಟ ಹಸಿರು ಗಿಳಿಗಳು ಐದಾರು ಬರ್ತಿವೆ, ಯಾರದೋ ಪಂಜರದಿಂದ ಹಾರಿಬಂದವೇ, ಹಿಡಿದು ಕೊಡಬೇಕೇ ಅಂತ ಕೇಳಿದ್ದೀರಿ. ಹಿಡಿಯೋಕೆ ಹೋಗ್ಬೇಡಿ. ಗೇಣುದ್ದ ಇಲ್ಲದಿದ್ದರೂ ಕಚ್ಚಿದರೆ ರಕ್ತ ಬರುತ್ತೆ.

ಅವು ಗುಲಾಬಿ ಮುಖದ ಲವ್‌ಬರ್ಡ್ ಅನ್ನೋ ಗಿಳಿಗಳು. ತವರು ನೈಋತ್ಯ ಆಫ್ರಿಕಾದ ನಮೀಬಿಯಾ ಕಡೆಯ ಒಣನಾಡು. ಸಾಕಿದವರ ಕೈತಪ್ಪಿ ಹೋದ ಹಕ್ಕಿಗಳ ಸಂತಾನ 1980ರ ದಶಕದಿಂದಲೂ ಫೀನಿಕ್ಸಿನಲ್ಲಿ ಬೀಡುಬಿಟ್ಟಿದೆ. ಈಗ ಸಾವಿರಗಟ್ಟಲೆ ಇವೆ. ನಮ್ಮೂರ ಗಿಳಿಯ ಹಾಗೆ ಉದ್ದ ಬಾಲ ಇರಲ್ಲ, ಹಾರುವಾಗ ಬೆನ್ನಿನ ಕೆಳಗೆ ನೀಲಿ ಮಿಂಚುತ್ತೆ. ಗುರುತಿಗೆ ಅಷ್ಟು ಸಾಕು.

ಗೂಡಿನ ವಿಷಯ ಮಜವಾಗಿದೆ. ಸಗುವಾರೋ ಕಳ್ಳಿಯಲ್ಲಿ ಮರಕುಟಿಗ ಕೊರೆದು ಬಿಟ್ಟ ಪೊಟರೆ, ತಾಳೆಮರದಲ್ಲಿ ಜೋತುಬಿದ್ದ ಒಣಗರಿಗಳ ಸಂದಿ, ಎರಡೂ ಆದೀತು. ಹೆಣ್ಣು ಹಕ್ಕಿ ಎಲೆಯನ್ನೋ ತೊಗಟೆಯನ್ನೋ ಉದ್ದುದ್ದ ಸೀಳಿ, ಬೆನ್ನಿನ ಪುಕ್ಕಕ್ಕೆ ಸಿಕ್ಕಿಸಿಕೊಂಡು ಹೊತ್ತೊಯ್ಯುತ್ತೆ. ಥೇಟ್ ಸೊಪ್ಪಿನ ಹೊರೆ!

ಆದರೆ ಊರಾಚೆಯ ಮರುಭೂಮಿಯೊಳಗೆ ಇವು ಹೋಗಿ ನೆಲೆಸಿಲ್ಲ. ನಗರದ ನೀರು, ನೆರಳು, ಜನ ಹಾಕುವ ಕಾಳು ಬೇಕು. ಬಿಸಿಲು ನೆತ್ತಿ ಸುಡುವಾಗ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಕಟ್ಟಡವೊಂದರ ಗಾಳಿಕಿಂಡಿಗಳಲ್ಲಿ ಸಾಲಾಗಿ ಕೂತು, ಹೊರಬರುವ ಏಸಿ ತಂಪಿಗೆ ಮೈಯೊಡ್ಡೋದನ್ನ ಅಲ್ಲಿನ ಸಂಶೋಧಕರೇ ದಾಖಲಿಸಿದ್ದಾರೆ. ಬುದ್ಧಿವಂತ ಬಾಡಿಗೆದಾರರು, ಕರೆಂಟ್ ಬಿಲ್ ಮಾತ್ರ ಕಟ್ಟಲ್ಲ.

ಒಂಟಿ ಹಕ್ಕಿ ಬಂದು, ಕಾಲಲ್ಲಿ ಉಂಗುರ ಇದ್ದು, ಹೆದರದೆ ಹತ್ತಿರ ಬಂದರೆ ಆಗ ಸಾಕಿದ್ದು ಅಂತ ಅನುಮಾನಿಸಿ, ನೆರೆಯವರನ್ನ ವಿಚಾರಿಸಿ. ಇಲ್ಲಾಂದ್ರೆ ಒಂದು ಬಟ್ಟಲು ನೀರಿಡಿ, ದಿನಾ ಬದಲಿಸಿ.