ಮಗಳ ಚಿತ್ರಕಲೆ, ಅಪ್ಪನ ವೀಸಾ

ಪತ್ರ: ನಾವು ಸಾಗರದ ಕಡೆಯವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಯಜಮಾನರದು ಎಚ್-1ಬಿ ಉದ್ಯೋಗ ವೀಸಾ, ನನ್ನದೂ ಮಕ್ಕಳದೂ ಅವರನ್ನು ಅವಲಂಬಿಸಿದವರಿಗೆ ಸಿಗುವ ಎಚ್-4. ದೊಡ್ಡ ಮಗಳು ಆರು ವರ್ಷದವಳಿದ್ದಾಗ ಬಂದಳು, ಈಗ ಹದಿನಾರು. ಸದಾ ಚಿತ್ರ ಬರೆಯುತ್ತಿರುತ್ತಾಳೆ. ಭಾನುವಾರದ ಕನ್ನಡ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಚಿತ್ರ ಬರೆದು ಅಕ್ಷರ ಕಲಿಸುತ್ತಾಳೆ. ಕಲೆ ಓದಿ ಟೀಚರ್ ಆಗ್ತೀನಿ ಅಂತಾಳೆ. ಇವರು ಕಂಪ್ಯೂಟರ್ ಓದಲಿ ಅಂತಾರೆ. ಮನೆಗೆ ಒಂದೇ ಸಂಬಳ. ವೀಸಾದ ಮೇಲಿರುವ ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಗುತ್ತದೆಯೇ? ‘ಡಾಕಾ ಯೋಜನೆ ಇದೆಯಲ್ಲ’ ಅಂತ ಯಾರೋ ಅಂದರು. ವೀಸಾದ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರದ ಕೊನೆಯ ಸಾಲೇ ನನ್ನನ್ನು ಜಾಸ್ತಿ ಕಾಡಿತು. ದಯವಿಟ್ಟು ಅವಳಿಗೆ ಹೇಳಿ. ಈ ವಾರವೇ ಹೇಳಿ. 21 ತುಂಬಿದರೆ ಅವಳು ನಿಮ್ಮ ವೀಸಾದ ಆಸರೆಯಲ್ಲಿ ಇರುವಂತಿಲ್ಲ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸಾಲು ಹತ್ತು ವರ್ಷಕ್ಕೂ ಉದ್ದವಾಗಿದೆ. ಇದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಗೆಳತಿಯರೆಲ್ಲ ಸರ್ಕಾರಿ ನೆರವಿನ ಫಾಫ್ಸಾ ಅರ್ಜಿ ತುಂಬುವಾಗ ‘ನಾನ್ಯಾಕೆ ತುಂಬುವಂತಿಲ್ಲ?’ ಎಂದು ಅವಳು ಒಬ್ಬಳೇ ಕಂಡುಕೊಳ್ಳಬಾರದು, ಅಲ್ವಾ? ಹದಿನಾರರ ಹುಡುಗಿ ಇದನ್ನು ಅರ್ಥ ಮಾಡಿಕೊಳ್ಳುತ್ತಾಳೆ. ನೀವು ಬಚ್ಚಿಟ್ಟಿದ್ದಿರಿ ಅಂತ ಆಮೇಲೆ ಗೊತ್ತಾದರೆ ಮಾತ್ರ ತುಂಬಾ ನೊಂದುಕೊಳ್ಳುತ್ತಾಳೆ.

ಡಾಕಾ ಮಾತು ಬಿಟ್ಟುಬಿಡಿ. 2012ರ ಆ ಯೋಜನೆ 2007ರ ಜೂನ್‌ಗೂ ಮೊದಲು ಮಕ್ಕಳಾಗಿ ಅಮೆರಿಕಕ್ಕೆ ಬಂದು, ದಾಖಲೆ ಇಲ್ಲದೆ ಉಳಿದವರನ್ನು ಗಡೀಪಾರಿನಿಂದ ಕಾಯುವುದಕ್ಕೆ. ನಿಮ್ಮ ಮಗಳು ಆಗ ಹುಟ್ಟಿರಲೇ ಇಲ್ಲ. ಕಾನೂನು ಪ್ರಕಾರ ಬಂದ ಮಕ್ಕಳು ಅದರಿಂದ ಹೊರಗುಳಿದದ್ದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಈಗ ಹಣದ ಮಾತು. ಪೆಲ್ ಗ್ರ್ಯಾಂಟ್ ಎಂಬ ಕೇಂದ್ರ ಸರ್ಕಾರದ ನೆರವಿನ ಹಣ, ಅದರ ಸಾಲ ಇವೆಲ್ಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ನಿರಾಶ್ರಿತರಂಥ ಕೆಲವರಿಗೆ. ಎಚ್-4ಗೆ ಇಲ್ಲ. ಆದರೆ ಕಾಲೇಜು ತನ್ನ ಕೈಯಿಂದ ಕೊಡುವ ಹಣಕ್ಕೆ ಈ ಕಟ್ಟು ಇಲ್ಲ. ಸ್ಕಾಲರ್‌ಶಿಪ್ ಸಂಬಳವಲ್ಲ, ಎಚ್-4 ಮಕ್ಕಳು ಪಡೆಯಬಹುದು. ನಿಮ್ಮ ಮನೆಯಿಂದ ಹಡ್ಸನ್ ನದಿ ದಾಟಿದರೆ ಸಿಗುವ, ಕಲೆಯನ್ನೂ ಕಲಿಸುವ ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜು ನೋಡಿ. 1859ರಲ್ಲಿ ಶುರುವಾದ ಸಂಸ್ಥೆ. ಬಹುಕಾಲ ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. 2014ರಲ್ಲಿ ಶುಲ್ಕ ಬಂತು. ಆದರೂ ಪದವಿಗೆ ಸೇರಿದ ಎಲ್ಲರಿಗೂ ಕನಿಷ್ಠ ಅರ್ಧ ಶುಲ್ಕದ ಸ್ಕಾಲರ್‌ಶಿಪ್ ಇದೆ. ಮನೆಯಿಂದಲೇ ಓಡಾಡಿದರೆ ಊಟ ವಸತಿಯ ಖರ್ಚೂ ಉಳಿಯುತ್ತದೆ. ಸೀಟು ಸಿಗುವುದು ಬಲು ಕಷ್ಟ ಎಂಬುದನ್ನೂ ಹೇಳಿಬಿಡುತ್ತೇನೆ. ರಿಸ್ಡಿ (ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್) ಹೆಸರಾಂತ ಕಲಾಶಾಲೆ, ಆದರೆ ವರ್ಷದ ಬೋಧನಾ ಶುಲ್ಕವೇ 60,000 ಡಾಲರ್ ದಾಟಿದೆ. ಒಳ್ಳೆಯ ನೆರವು ಸಿಗದೆ ಅಲ್ಲಿಗೆ ಸಾಲ ಮಾಡಿ ಕಳಿಸಬೇಡಿ.

ಅವಳಿಗೆ ಟೀಚರ್ ಆಗುವ ಆಸೆ ಇದೆಯಲ್ಲ, ರಟ್ಗರ್ಸ್‌ನಂಥ ರಾಜ್ಯದ ವಿಶ್ವವಿದ್ಯಾಲಯವನ್ನು ಮೊದಲ ಸಾಲಿನಲ್ಲಿಡಿ. ಅಲ್ಲಿ ಮೇಸನ್ ಗ್ರಾಸ್ ಕಲಾಶಾಲೆ ಇದೆ, ಶಿಕ್ಷಣದ ವಿಭಾಗವೂ ಇದೆ. ರಾಜ್ಯದವರಿಗೆ ಇರುವ ಕಡಿಮೆ ಶುಲ್ಕ ಎಚ್-4 ಮಕ್ಕಳಿಗೆ ಅನ್ವಯಿಸುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪ್ರವೇಶ ಕಚೇರಿಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಆದಾಯ ತೀರಾ ಕಡಿಮೆ ಇರುವ ಬೇರೆ ಓದುಗರಿಗಾಗಿ ಇನ್ನೊಂದು ಹೆಸರು: ಕೆಂಟಕಿಯ ಬೆರಿಯಾ ಕಾಲೇಜು. ಅಲ್ಲಿ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಎಲ್ಲ ವಿದ್ಯಾರ್ಥಿಗಳೂ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತಾರೆ. ನೇಯ್ಗೆ, ಮರಗೆಲಸ, ಪೊರಕೆ ಕಟ್ಟುವುದು ಕೂಡ ಅದರಲ್ಲಿ ಸೇರಿದೆ.

ನಿಮ್ಮ ಯಜಮಾನರ ಭಯಕ್ಕೂ ಕಾರಣವಿದೆ. ಎಫ್-1ರಲ್ಲಿ ಓದಿದವರಿಗೆ ಪದವಿಯ ನಂತರ ಸಿಗುವುದು 12 ತಿಂಗಳ ಕೆಲಸದ ಅನುಮತಿ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯ ಓದಿದರೆ ಇನ್ನೂ 24 ತಿಂಗಳು. ಚಿತ್ರಕಲೆ ಆ ಪಟ್ಟಿಯಲ್ಲಿಲ್ಲ. ಅನಿಮೇಷನ್ನಿನ ಕೆಲವು ಕೋರ್ಸುಗಳಿವೆ. ಇದನ್ನು ಮಗಳ ಎದುರು ಇಟ್ಟು ಮೂವರೂ ಕೂತು ಮಾತಾಡಿ. ಅವಳು ಅನಿಮೇಷನ್ ಬೇಡ ಅಂದರೆ ಅದೂ ಸರಿ. ಇಷ್ಟವಿಲ್ಲದ ಕಂಪ್ಯೂಟರ್ ಪದವಿಯಿಂದ ಎರಡು ವರ್ಷ ಜಾಸ್ತಿ ಸಿಗಬಹುದು, ಆದರೆ ಆಮೇಲೆ ಎಚ್-1ಬಿ ಅರ್ಜಿಗಳನ್ನು ಆರಿಸುವ ಲಾಟರಿ ಅವಳಿಗೂ ತಪ್ಪುವುದಿಲ್ಲ. ಅಷ್ಟಕ್ಕಾಗಿ ಮಗುವಿನ ಮನಸ್ಸು ಮುರಿಯಬೇಕೇ? ನನಗಂತೂ ಬೇಡ ಅನಿಸುತ್ತದೆ.

ಓದುವ ಮಗುವಿಗೆ ಹೊರಗಿನವರು ಹಣ ಕೊಡುವುದು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು 1909ರಲ್ಲಿ ಅರಮನೆಯ ನೆರವಿನಿಂದಲೇ ಕಲ್ಕತ್ತೆಗೆ ಹೋದರು, ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದೇ ಹೆಸರಿದೆ. ಮುಂದಿನ ಸಲ ಊರಿಗೆ ಬಂದಾಗ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನು ಕೈಗೆತ್ತಿಕೊಳ್ಳಬೇಕಾದ ಕೆಲಸ. ಕಲಾಶಾಲೆಗಳು ಸಾಮಾನ್ಯವಾಗಿ 12ರಿಂದ 20 ಚಿತ್ರಗಳ ಪೋರ್ಟ್‌ಫೋಲಿಯೊ ಕೇಳುತ್ತವೆ. ಫೋಟೊ ನೋಡಿ ನಕಲು ಮಾಡಿದ್ದು ಸಾಲದು. ಕಣ್ಣೆದುರಿನದನ್ನು ನೋಡಿ ಬರೆದದ್ದು ಇರಬೇಕು: ನಿಮ್ಮ ಅಡುಗೆಮನೆ, ತಮ್ಮನೋ ತಂಗಿಯೋ ಮಲಗಿರುವುದು, ಕನ್ನಡ ತರಗತಿಯ ಪುಟಾಣಿಗಳು. ಆ ಅಕ್ಷರದ ಚಿತ್ರಗಳನ್ನೂ ಸೇರಿಸಲಿ, ಅವು ಬೇರೆ ಯಾರ ಹತ್ತಿರವೂ ಇರುವುದಿಲ್ಲ. ‘ನ್ಯಾಷನಲ್ ಪೋರ್ಟ್‌ಫೋಲಿಯೊ ಡೇ’ ದಿನ ಹಲವು ಕಲಾಶಾಲೆಗಳವರು ಒಂದೇ ಕಡೆ ಕೂತು ಮಕ್ಕಳ ಚಿತ್ರ ನೋಡಿ ಸಲಹೆ ಕೊಡುತ್ತಾರೆ, ಉಚಿತವಾಗಿ. ಹತ್ತಿರ ಎಲ್ಲಿ ನಡೆಯುತ್ತದೆ ಎಂದು ನೋಡಿ, ಈ ವರ್ಷವೇ ಹೋಗಿ ಬನ್ನಿ. ಚಿತ್ರ ಮಾರಿ ದುಡ್ಡು ಮಾಡುವುದು ಮಾತ್ರ ಈಗ ಬೇಡ, ಎಚ್-4 ಮಕ್ಕಳು ದುಡಿಯುವಂತಿಲ್ಲ. ವೀಸಾ ಬದಲಿಸುವ ಕೆಲಸವನ್ನು 21ರ ಹುಟ್ಟುಹಬ್ಬಕ್ಕೆ ಒಂದು ವರ್ಷ ಮೊದಲೇ ವಕೀಲರ ಜೊತೆ ಶುರು ಮಾಡಿ.